ಉಣ್ಣಿ ನೂತ ಬೆರಳು

ಆ ಸೋಮವಾರ ಬೆಳಿಗ್ಗೆ ದರಿಬಡಚಿಯಲ್ಲಿ ಗಾಳಿ ಇರಲಿಲ್ಲ. ಬರೀ ಥಂಡಿ, ಕುರಿಗಳ ಉಸಿರು ಹೊಗೆಯಾಗಿ ಕಾಣುವಷ್ಟು. ಹಣಮವ್ವನ ಬೆರಳು ಎಂದಿನಂತೆ ಸುಣ್ಣದ ಹಾಗೆ ಬೆಳ್ಳಗಾಗಿದ್ದವು. ಅವನ್ನು ಯಾರೂ ನೋಡಲಿಲ್ಲ. ಎಣ್ಣೆ ಹಚ್ಚಲು ಅವಳ ರವಕೆ ಸರಿಸಿದ ರುಕ್ಮವ್ವ ಹಾಗೇ ನಿಂತುಬಿಟ್ಟಳು. ಎದೆಯಿಂದ ಕ್ಯಾನ್ಸರಿನ ಗಂಟು ತೆಗೆದ ಜಾಗದಲ್ಲಿ ಚರ್ಮ ಸುಲಿದು, ಸುತ್ತ ಹಲಗೆಯಂತೆ ಬಿರುಸಾಗಿತ್ತು.

ರುಕ್ಮವ್ವ ಹಿರಿಯ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಹೋದ ವರ್ಷ ಅವಳಿಗೂ ಇದೇ ಬೇನೆ. ಮಿರಜಿನ ಆಸ್ಪತ್ರೆಯಲ್ಲಿ ಯಂತ್ರದ ಕೆಳಗೆ ಮಲಗಿ, ಗಂಟು ಮತ್ತೆ ಬರದಂತೆ ಕೊಡುವ ವಿಕಿರಣದ ‘ಕರೆಂಟು’ ತಗೊಂಡಿದ್ದಳು. ಮೈ ಒಂದಿಷ್ಟು ಕಪ್ಪಾಗಿ, ಮನೆದೇವರು ಅಮೋಗಸಿದ್ದನ ದಯದಿಂದ ತಿಳಿಯಾಗಿತ್ತು. “ಬಿಸಲಾಗ ಕುರಿ ಕಾಯ್ದಂಗ ಅಷ್ಟ, ಅಂಜಬ್ಯಾಡ” ಎಂದು ಹಣಮವ್ವನನ್ನು ಅದೇ ಯಂತ್ರಕ್ಕೆ ಕರೆದೊಯ್ದವಳೂ ಅವಳೇ.

“ನಿನಗ ಕರೆಂಟು ಜಾಸ್ತಿ ಕೊಟ್ಟಾರ. ನಡಿ, ಕೇಳೂಣು.”

ಮಿರಜಿನಲ್ಲಿ ಡಾಕ್ಟರು ಗಾಯ ನೋಡಿದರು. ಆಮೇಲೆ ಸೆರಗಿನೊಳಗಿದ್ದ ಹಣಮವ್ವನ ಕೈ ಹಿಡಿದರು.

“ಬೆರಳು ಯಾವಾಗಿಂದ ಹೀಗೆ?”

“ಕುರಿ ಉಣ್ಣಿ ನೂಲೋರ ಕೈ ಹಂಗ ಇರ್ತಾವ್ರಿ,” ಎಂದಳು ರುಕ್ಮವ್ವ.

“ನೀವೂ ನೂಲ್ತೀರಾ?”

“ಬುದ್ಧಿ ಬಂದಾಗಿಂದ ಅದ ಕೆಲಸ್ರಿ.”

“ಇಬ್ಬರೂ ಮುಷ್ಟಿ ಕಟ್ಟಿ.”

ರುಕ್ಮವ್ವನ ಮುಷ್ಟಿ ಸಲೀಸಾಗಿ ಕಟ್ಟಿತು. ಹಣಮವ್ವನ ಬೆರಳು ಅರ್ಧಕ್ಕೇ ನಿಂತವು. ಚರ್ಮ ಬಿಗಿದು ಹೊಳೆಯುತ್ತಿತ್ತು. ಇಷ್ಟು ವರ್ಷ ಒಂದೇ ಒಲೆ ಮುಂದೆ ಕೂತ ರುಕ್ಮವ್ವ ಆ ಕೈಯನ್ನು ಇವತ್ತು ನೋಡಿದಳು.

ಚರ್ಮವನ್ನೂ ಒಳಗಿನ ಅಂಗಗಳನ್ನೂ ಬಿರುಸು ಮಾಡುವ ಬೇರೊಂದು ರೋಗವಿದು, ಇದಿದ್ದ ಕೆಲವರನ್ನು ಸರಿಯಾದ ಅಳತೆಯ ಕರೆಂಟೂ ಹೀಗೆ ಸುಡುತ್ತದೆ ಎಂದರು ಡಾಕ್ಟರು. “ಕರೆಂಟು ಕೊಡೋ ಮೊದಲು ಬೇರೆ ಬೇನೆ ಇದೆಯಾ ಅಂತ ಕೇಳಿದ್ದೆ. ಆದರೆ ಕೈ ನಾನೂ ನೋಡಬೇಕಿತ್ತು. ಇನ್ನು ಕರೆಂಟು ಬೇಡ.”

ಅಂದು ‘ಏನೂ ಇಲ್ರಿ’ ಎಂದವಳು ರುಕ್ಮವ್ವ.

“ಅರ್ಧಕ್ಕ ಬಿಟ್ಟರ ಗಂಟು ಮತ್ತ ಬರತೈತೇನ್ರಿ?” ಹಣಮವ್ವ ಮೆಲ್ಲಗೆ ಕೇಳಿದಳು.

“ಬರಬಹುದು. ಗುಳಿಗೆ ಕೊಟ್ಟು ಕಾಯ್ದು ನೋಡೋಣ.”

ಹೋದ ವರ್ಷ ರುಕ್ಮವ್ವ ಮಲಗಿದ್ದಾಗ ಅವಳ ಪಾಲಿನ ಉಣ್ಣಿ ನೂತುಕೊಟ್ಟದ್ದು ಈ ಬೆರಳುಗಳೇ. ಆ ಮುಯ್ಯಿ ತೀರದೆ ಹಾಗೇ ಉಳಿದಿತ್ತು. ಊರಿಗೆ ಬಂದವಳೇ ರುಕ್ಮವ್ವ ಹಣಮವ್ವನ ಉಣ್ಣಿ ಬುಟ್ಟಿ ಎಳೆದುಕೊಂಡು ಕೂತಳು. ಗಾಯಕ್ಕೆ ಮುಲಾಮು ಹಚ್ಚುವುದು, ನೂಲುವುದು, ಇಷ್ಟೇ ಕೆಲಸ.

“ನೂಲು ದಪ್ಪ ಆಗೇತಿ ಅಕ್ಕಾ,” ಹಾಸಿಗೆಯಿಂದಲೇ ಹಣಮವ್ವ ಕೆಣಕಿದಳು. “ಕಂಬಳಿ ಹೊದ್ದವರಿಗಿ ಚುಚ್ಚತೈತಿ.”

ರುಕ್ಮವ್ವ ಎಳೆಯನ್ನು ಇನ್ನಷ್ಟು ಸಣ್ಣಗೆ ಎಳೆದಳು. ಬುಟ್ಟಿ ಖಾಲಿಯಾದ ದಿನ ನೂಲಿನ ಉಂಡೆಗಳನ್ನು ಒಂದೊಂದಾಗಿ ಹಣಮವ್ವನ ಮಡಿಲಲ್ಲಿಟ್ಟಳು.