ಕೊಕ್ಕೆಗೆ ಸಿಕ್ಕ ಬಟ್ಟೆ

ಟಾಯ್ಲೆಟ್ಟಿಗೆ ಸುರಿದ ನೀರು ಇಳಿಯದೆ ವಾಪಸ್ಸು ಮೇಲೆ ಬರತೊಡಗಿದಾಗ ಗುಂಡಿ ಖಾಲಿ ಮಾಡುವ ಟ್ಯಾಂಕರ್ ಕರೆಸದೆ ಬೇರೆ ದಾರಿ ಇರಲಿಲ್ಲ. ಹೊಲಗಳ ನಡುವಿನ ಒಂಟಿ ಮನೆ. ಒಳಚರಂಡಿ ಇಲ್ಲಿಯವರೆಗೆ ಬಂದಿರಲಿಲ್ಲ. ಮನೆಯವರು ಹಾಕಿದ್ದೆಲ್ಲ ಹಿತ್ತಲಿನ ಗುಂಡಿಗೇ ಹೋಗಬೇಕು.

ಟ್ಯಾಂಕರಿನವನು ಹಾರೆ ಹಾಕಿ ಚಪ್ಪಡಿ ಸರಿಸುವಾಗ ದರ್ಜಿ ಹಿಂಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ. ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಎಲ್ಲರಿಗೂ ಅವನು ದರ್ಜಿಯೇ. ಹೊಲಿಗೆ ಮಷಿನ್ನು ಈಗ ಅವನ ಕೋಣೆಯಲ್ಲಿತ್ತು. ಹೆಂಡತಿ ಮೂಗಿಗೆ ಟವೆಲ್ ಒತ್ತಿಕೊಂಡು ದೂರದಲ್ಲಿದ್ದಳು. ಮಗ ಲಾರಿಯ ಮೇಲೆ ಹೋಗಿದ್ದ. ಹಾಗಾಗಿ ನೀರು ಕೊಡುವುದು, ಪೈಪು ಹಿಡಿಯುವುದು ಎಲ್ಲ ಸೊಸೆಯ ಪಾಲಿಗೆ ಬಂದಿತ್ತು.

ಗುಂಡಿಯಲ್ಲಿ ಏನು ಸಿಕ್ಕಿಕೊಂಡಿದೆ ಎಂಬುದು ದರ್ಜಿಗೆ ಗೊತ್ತಿತ್ತು. ಪ್ರಾಸ್ಟೇಟ್ ಆಪರೇಶನ್ ಆದಾಗಿನಿಂದ ಅವನಿಗೆ ಮೂತ್ರ ತಡೆಯುತ್ತಿರಲಿಲ್ಲ. ಕೆಮ್ಮಿದರೆ ಹೋಗುತ್ತಿತ್ತು, ಕುರ್ಚಿಯಿಂದ ಏಳುವಾಗ ಹೋಗುತ್ತಿತ್ತು. ಸರಿಹೋಗುತ್ತದೆ ಎಂದಿದ್ದರು ಡಾಕ್ಟರು, ಹೋಗಲಿಲ್ಲ. ಹೆಂಡತಿಗೂ ಹೇಳದೆ ಹಳೇ ಬೆಡ್‌ಶೀಟು ಕತ್ತರಿಸಿ, ಮಡಿಸಿ ಹೊಲಿದು ಚಡ್ಡಿಯೊಳಗೆ ಇಟ್ಟುಕೊಳ್ಳತೊಡಗಿದ. ಒಗೆದು ಹಗ್ಗದ ಮೇಲೆ ಹಾಕಿದರೆ ಏನಿದು ಎಂದು ಕೇಳುತ್ತಾರೆ. ಕಸದ ಬುಟ್ಟಿಗೆ ಹಾಕಿದರೆ ನಾತ. ಟಾಯ್ಲೆಟ್ಟಿಗೆ ಹಾಕಿ ಒಂದು ಬಕೆಟ್ ನೀರು ಸುರಿದರೆ ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಪೈಪು ಇಳಿಸಿ ಮೋಟರ್ ಹಾಕಿದ ಸ್ವಲ್ಪ ಹೊತ್ತಿಗೇ ಅದು ಉಸಿರು ಕಟ್ಟಿದವರ ಹಾಗೆ ಗೊರಗೊರ ಎಂದಿತು. ಟ್ಯಾಂಕರಿನವನು ಮೋಟರ್ ನಿಲ್ಲಿಸಿ, ಉದ್ದನೆಯ ಕೊಕ್ಕೆ ತಂದು ಗುಂಡಿಯೊಳಗೆ ಬಿಟ್ಟು ತಿರುವಿದ. ಕರ್ರಗಿನ ಒಂದು ಮುದ್ದೆ ಮೇಲೆ ಬಂತು. ಅದರ ಬೆನ್ನಿಗೇ ಇನ್ನೊಂದು.

"ಅಮ್ಮಾ, ಇದೇನು ಗುಂಡಿನೋ ಬಟ್ಟೆ ಅಂಗಡಿನೋ?" ಎಂದ. "ಇಷ್ಟು ಬಟ್ಟೆ ತುರುಕಿದ್ರೆ ನೀರು ಎಲ್ಲಿಂದ ಇಳೀಬೇಕು?"

ದರ್ಜಿಯ ಹೆಂಡತಿ ಮುದ್ದೆಯ ಕಡೆ ನೋಡಲಿಲ್ಲ, ಸೊಸೆಯ ಕಡೆ ತಿರುಗಿದಳು. "ಬಡ್ಕೊಂಡೆ ನಾನು, ತಿಂಗಳ ಬಟ್ಟೆ ಅದ್ರೊಳಗೆ ಹಾಕ್ಬೇಡ ಅಂತ."

"ನಾನು ಹಾಕಿಲ್ಲ ಅತ್ತೆ. ನಾನು ಬಟ್ಟೆ ಇಟ್ಕೊಳ್ಳೋದೇ ಇಲ್ಲ, ಪ್ಯಾಡು. ಅದನ್ನೂ ಹಿತ್ತಲಲ್ಲಿ ಸುಡ್ತೀನಿ. ನೀವೇ ನೋಡಿದ್ದೀರಿ."

"ಮತ್ತೆ ನಾನು ಹಾಕಿದ್ನಾ, ಈ ವಯಸ್ಸಲ್ಲಿ?"

"ನೀವು ಅಂತ ನಾನೆಲ್ಲಿ ಅಂದೆ?"

"ಮನೇಲಿರೋ ಹೆಂಗಸ್ರು ಇಬ್ರೇ ಕಣೇ. ನಾನಲ್ಲ ಅಂದ್ಮೇಲೆ ಇನ್ಯಾರು?"

ಟ್ಯಾಂಕರಿನವನು ಕಿಸಕ್ಕೆಂದ. "ಜಗಳ ಆಮೇಲೆ ಆಡ್ಕೊಳ್ಳಿ ತಾಯಿ. ಮೊದ್ಲು ಇದನ್ನ ಹಾಕೋಕೆ ಹಳೇ ಡಬ್ಬ ಏನಾದ್ರೂ ಕೊಡಿ."

ಹೇಳುವುದಾದರೆ ಈಗಲೇ ಹೇಳಬೇಕಿತ್ತು. ದರ್ಜಿಯ ಬಾಯಿ ಒಣಗಿತ್ತು. ಒಣಗಿರಬೇಕಾದ್ದು ಮಾತ್ರ ಒಣಗಿರಲಿಲ್ಲ.

"ಇವತ್ತಿಂದ ಒಳಗಿನ ಟಾಯ್ಲೆಟ್ಟಿಗೆ ನೀನು ಕಾಲಿಡ್ಬೇಡ," ಎಂದಳು ಹೆಂಡತಿ. "ಕೊಟ್ಟಿಗೆ ಹಿಂದೆ ಹಳೇದಿದೆಯಲ್ಲ, ಅಲ್ಲಿಗೆ ಹೋಗು. ಅವನು ಬರ್ಲಿ, ಹೇಳ್ತೀನಿ ಎಲ್ಲಾ."

ಕೊಟ್ಟಿಗೆ ಹಿಂದಿನದಕ್ಕೆ ಚಾವಣಿ ಇರಲಿಲ್ಲ, ಬಾಗಿಲು ಅರ್ಧವೇ ಇತ್ತು. ಸೊಸೆಯ ಮುಖ ಕೆಂಪಾಯಿತು. ಹೊರಗಿನ ಗಂಡಸಿನ ಮುಂದೆ ಇನ್ನೆಷ್ಟು ಬಿಡಿಸಿ ಹೇಳಿಯಾಳು?

"ಅವಳಲ್ಲ," ಎಂದ ದರ್ಜಿ. ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ. "ಅವಳಲ್ಲ. ನಾನು ಹಾಕಿದ್ದು."

ಹೆಂಡತಿ ಹಣೆ ಚಚ್ಚಿಕೊಂಡಳು. "ಸುಮ್ನಿರ್ರೀ ಸಾಕು. ಸೊಸೆ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಳ್ಳೋಕೆ ಬಂದ್ರು ದೊಡ್ಡ ಮನುಷ್ಯರು!"

"ನೋಡಮ್ಮ, ಮಾವ ಅಂದ್ರೆ ಹೀಗಿರ್ಬೇಕು," ಎಂದ ಟ್ಯಾಂಕರಿನವನು. "ನಮ್ಮ ಮಾವ ಆಗಿದ್ರೆ ನನ್ನನ್ನೇ ಈ ಗುಂಡಿಗೆ ತಳ್ಳಿ ಚಪ್ಪಡಿ ಎಳೆದುಬಿಡ್ತಿದ್ದ."

ಹೆಂಡತಿ ಟವೆಲಿನೊಳಗೇ ನಕ್ಕಳು. ದರ್ಜಿಯೂ ನಕ್ಕ. ಹೇಳಬೇಕಾದ್ದನ್ನು ಹೇಳಿಯಾಯಿತು, ಅವರು ನಂಬದಿದ್ದರೆ ತಾನೇನು ಮಾಡಲಿ ಎಂದುಕೊಂಡ. ಎದೆಯ ಮೇಲಿನ ಕಲ್ಲು ಇಳಿದಂತೆ ಹಗುರಾಯಿತು. ಒಳ್ಳೆಯ ಮಾವ ಎನಿಸಿಕೊಂಡದ್ದು ಹಿತವಾಗಿಯೂ ಇತ್ತು.

ಮೋಟರ್ ಮತ್ತೆ ಶುರುವಾಯಿತು. ಪೈಪು ಈಗ ಸಲೀಸಾಗಿ ಎಳೆಯುತ್ತಿತ್ತು. ವಾಸನೆ ತಡೆಯಲಾರದೆ ಹೆಂಡತಿ ಒಳಗೆ ಹೋದಳು. ಸೊಸೆ ಡಬ್ಬದಿಂದ ಒಂದು ಮುದ್ದೆಯನ್ನು ಕಡ್ಡಿಯಿಂದ ಎಳೆದು, ಮೇಲೆ ನೀರು ಸುರಿದು, ಬಗ್ಗಿ ನೋಡಿದಳು. ಮೆಟ್ಟಿಲಿನಿಂದಲೇ ದರ್ಜಿಗೆ ಅವಳು ನೋಡುತ್ತಿರುವುದೇನೆಂದು ತಿಳಿಯಿತು. ಅಂಚು ಎರಡು ಸಲ ಮಡಿಸಿದ್ದು, ದಾರ ಎಳೆದ ಹಾಗೆ ನೇರವಾದ ಹೊಲಿಗೆ. ತೊಡೆಗೆ ಒತ್ತದಿರಲಿ ಎಂದು ಮೂಲೆಗಳನ್ನು ದುಂಡಗೆ ಕತ್ತರಿಸಿದ್ದ. ಉಚ್ಚೆಯ ಬಟ್ಟೆಯನ್ನೂ ಕೆಟ್ಟದಾಗಿ ಹೊಲಿಯಲು ಅವನಿಗೆ ಬಂದಿರಲಿಲ್ಲ.

ಅವಳು ಕೈ ತೊಳೆದುಕೊಂಡು ಮೆಟ್ಟಿಲ ಬಳಿ ಬಂದಳು.

"ನನ್ನ ಬಟ್ಟೆಯೆಲ್ಲ ನೀವೇ ಹೊಲಿದಿರೋದು ಮಾವ. ನಿಮ್ಮ ಹೊಲಿಗೆ ನಂಗೆ ಗೊತ್ತಾಗಲ್ವಾ?"

"ಹೇಳಿದ್ನಲ್ಲಮ್ಮ, ನಾನೇ ಅಂತ."

"ಹೇಳಿದ್ರಿ. ಆಮೇಲೆ ಅವರ ಜೊತೆ ಸೇರಿ ನಕ್ರಿ."

ಅಷ್ಟೇ ಅಂದು ಅವಳು ಬಕೆಟ್ ತುಂಬಲು ಹೋದಳು.

ದರ್ಜಿಗೆ ಮುಖವನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಟ್ಯಾಂಕರಿನವನು ಮೋಟರ್ ನಿಲ್ಲಿಸಿ ಪೈಪು ಸುತ್ತತೊಡಗಿದ್ದ. ಇನ್ನು ಮುಂದಿನ ಮನೆ, ಅಲ್ಲಿಂದ ಅದರ ಮುಂದಿನದು. ಹೋದಲ್ಲೆಲ್ಲ ನಗಿಸಲು ಅವನಿಗೊಂದು ಕತೆ ಬೇಕು, ಆ ಕತೆಯಲ್ಲಿ ಈ ಮನೆಯ ಸೊಸೆ ಇರುತ್ತಾಳೆ. ದರ್ಜಿ ಕೋಣೆಗೆ ಹೋಗಿ ಹಾಸಿಗೆಯಡಿಯ ಗಂಟನ್ನು ಎಳೆದುಕೊಂಡು ಹಿತ್ತಲಿಗೆ ಬಂದ.

"ಲೇ, ಇಲ್ಲಿ ಬಾ," ಎಂದು ಹೆಂಡತಿಯನ್ನು ಕೂಗಿದ. "ನೀನೂ ಸ್ವಲ್ಪ ನಿಲ್ಲಪ್ಪ."

"ಏನ್ರೀ ಮತ್ತೆ?" ಎನ್ನುತ್ತಾ ಅವಳು ಬಾಗಿಲಿಗೆ ಬಂದಳು.

ಅವನು ಗಂಟು ಬಿಚ್ಚಿದ. ಒಂದರ ಮೇಲೊಂದು ಜೋಡಿಸಿದ, ಇನ್ನೂ ಬಳಸದ ಬಟ್ಟೆಗಳು. "ಒಳಗೆ ಸಿಕ್ಕಿದ್ದೂ ಇಂಥವೇ, ಎಲ್ಲಾ ನನ್ನವು. ಆಪರೇಶನ್ ಆದಾಗಿಂದ ಉಚ್ಚೆ ನಿಲ್ತಿಲ್ಲ ನಂಗೆ. ಈಗ್ಲೂ ಒಂದು ಇಟ್ಕೊಂಡಿದ್ದೀನಿ. ತೋರಿಸ್ಬೇಕಾ?"

"ಬೇಡ ಯಜಮಾನ್ರೇ," ಎಂದ ಟ್ಯಾಂಕರಿನವನು. ಈ ಸಲ ನಗಲಿಲ್ಲ. ಆಗಲೇ ಸುತ್ತಿಯಾಗಿದ್ದ ಪೈಪನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ.

ತಲೆ ಎತ್ತಲಾಗದ ದರ್ಜಿಗೆ ಹೆಂಡತಿಯ ಪಾದಗಳಷ್ಟೇ ಕಾಣುತ್ತಿದ್ದವು. ಅವು ಹತ್ತಿರ ಬಂದವು. ಒಂದು ಕೈ ಗಂಟಿನಿಂದ ಒಂದು ಬಟ್ಟೆ ಎತ್ತಿಕೊಂಡಿತು.

"ಇದು ನನ್ನ ತಂಗಿ ಕೊಟ್ಟ ಬೆಡ್‌ಶೀಟು," ಎಂದಳು. ಬಟ್ಟೆಯನ್ನು ಮತ್ತೆ ಗಂಟಿಗೇ ಹಾಕಿ ಒಳಗೆ ನಡೆದಳು. ಸೊಸೆಗೆ ಏನೂ ಅನ್ನಲಿಲ್ಲ.

ಟ್ಯಾಂಕರಿನವನು ಚಪ್ಪಡಿ ಮುಚ್ಚಿ ಹೊರಟ. ದರ್ಜಿ ಗಂಟು ಹಿಡಿದು ನಿಂತೇ ಇದ್ದ. ಸೊಸೆ ಪೊರಕೆ, ಬಕೆಟ್ ತಂದು ಗುಂಡಿಯ ಸುತ್ತ ತೊಳೆಯುತ್ತಾ ಅವನ ಹತ್ತಿರಕ್ಕೆ ಬಂದಳು.

"ಕಾಲು ತೆಗೀರಿ ಮಾವ," ಎಂದಳು.

ಅವನು ಪಕ್ಕಕ್ಕೆ ಸರಿದ. ಅವನು ನಿಂತಿದ್ದ ಜಾಗಕ್ಕೂ ಅವಳು ನೀರು ಸುರಿದು ಗುಡಿಸಿದಳು.