ಹದಿನೇಳು ಒಂದುಗಳು

ಹದಿನೇಳು ಒಂದುಗಳನ್ನು ಸಾಲಾಗಿ ಬರೆದರೆ ಬರುವ ಸಂಖ್ಯೆ ಅವಿಭಾಜ್ಯ, ಅದು ಯಾವುದಕ್ಕೂ ಬಗ್ಗುವುದಿಲ್ಲ ಎಂದು ಸಾಧಿಸಲು ಲಿಸಿಯಾತೆ ಮೇಷ್ಟ್ರು ಇಪ್ಪತ್ತೊಂಬತ್ತು ವರ್ಷ ಪೆನ್ಸಿಲ್ ಸವೆಸಿದ್ದರು. ಮೂವತ್ತನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯುವ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕೆಂಬ ಉಪಾಯ ತಿಳಿದಿದ್ದರೂ ಪಟ್ಟಿ ಲಕ್ಷಗಳನ್ನು ದಾಟಿತ್ತು. ಕಂಪ್ಯೂಟರನ್ನು ಕೇಳಿ ಎಂದವರಿಗೆ, "ನಿನ್ನ ಊಟಾನೂ ಕಂಪ್ಯೂಟರೇ ಮಾಡುತ್ತೇನಯ್ಯ?" ಎನ್ನುತ್ತಿದ್ದರು. ವವಾವು ದ್ವೀಪದ ಜನ ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ಹೆಮ್ಮೆಪಡಲು ಶುರು ಮಾಡಿದ್ದರು.

ಗುರುವಾರ ಪಟ್ಟಿ ಮುಗಿದಿತ್ತು. ನಾಳೆ ಭಾನುವಾರ, ಪ್ರಾರ್ಥನೆಯಾದ ಮೇಲೆ ಚರ್ಚಿನಲ್ಲಿ ಘೋಷಣೆ. ಹಿತ್ತಲಲ್ಲಿ ಔತಣದ ನೆಲದೊಲೆಗೆ ಕಲ್ಲು ಜೋಡಿಸಿಯಾಗಿತ್ತು. ಹೆಂಡತಿ ಫುಸಿ ಕೆಸುವಿನೆಲೆಯಲ್ಲಿ ಮಾಂಸ ಕಟ್ಟುತ್ತಿದ್ದಳು. ಮಗಳು ಪಿಸಿಲಾ ಲೆಕ್ಕದ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಅಪ್ಪಾ, ಇದೇನು ಅರ್ಧಕ್ಕೇ ನಿಂತಿದೆ?"

ಮೊದಲ ವರ್ಷದ ಪುಸ್ತಕದ ಕಡೆಯ ಹಾಳೆ. ಭಾಜಕ 2071723. ಇನ್ನು ಮೂರು ಅಂಕಿ ಬಾಕಿ. ಮೇಲೆ ತಾರೀಕು, ಶನಿವಾರ.

ಮೇಷ್ಟ್ರು ಪಟ್ಟಿ ತೆಗೆದು ನೋಡಿದರು; ಆ ಸಂಖ್ಯೆಗೆ ಗುರುತು ಬಿದ್ದಿತ್ತು. ಭಾನುವಾರ ಕೆಲಸ ಮಾಡಿದರೆ ದೇವರಿಗಿಂತ ಮುಂಚೆ ನೆರೆಯವರೇ ಶಿಕ್ಷೆ ಕೊಡುವ ಊರದು. ಶನಿವಾರ ಹೊತ್ತು ಮುಳುಗಿದರೆ ಪೆನ್ಸಿಲ್ ಫುಸಿಯ ವಶ, ಅರ್ಧ ಕೆಲಸದ ಪುಸ್ತಕ ಕಣ್ಣಿಗೆ ಬೀಳದಂತೆ ಒಳಗೆ. ಆದರೆ ಮೇಷ್ಟ್ರಿಗೆ ಭಾಗಿಸಲು ಕೂರುವಾಗಲೇ ಪಟ್ಟಿಯಲ್ಲಿ ಮುಗಿಯಿತೆಂದು ಗುರುತು ಹಾಕುವ ಚಾಳಿ. ಆ ಸೋಮವಾರ ಹೊಸ ಪುಸ್ತಕ ತೆಗೆದು, ಗುರುತಿನ ಮುಂದಿನ ಸಂಖ್ಯೆಯಿಂದಲೇ ಹೊರಟಿದ್ದರು.

"ಲಕ್ಷದಲ್ಲಿ ಒಂದು ತಾನೇ, ಬಿಡಪ್ಪ," ಎಂದಳು ಪಿಸಿಲಾ.

"ಒಂದು ಸಾಕು ಕಣೇ, ಮನೆ ಮುಳುಗೋಕೆ."

ಹೊರಗೆ ಹೊತ್ತು ಮುಳುಗಿತ್ತು. ಫುಸಿ ಕೈ ಒರೆಸಿಕೊಂಡು ಬಂದಳು, ಗಂಡನ ಮುಖ ನೋಡಿದಳು, ಹಾಳೆ ನೋಡಿದಳು. ಪೆನ್ಸಿಲ್ ಕಸಿದುಕೊಳ್ಳಲಿಲ್ಲ. ದೀಪವನ್ನು ಹತ್ತಿರ ಸರಿಸಿದಳು.

"ಮುಗ್ಸಿ. ದೇವ್ರಿಗೆ ನಾನು ಹೇಳ್ಕೋತೀನಿ."

ಒಂದಂಕಿ ಇಳಿಸಿದರು, ಇನ್ನೊಂದು ಇಳಿಸಿದರು. ಕಡೆಯ ಒಂದನ್ನೂ ಇಳಿಸಿದಾಗ ಆದದ್ದು 14502061. ಭಾಜಕವನ್ನು ಏಳರಿಂದ ಗುಣಿಸಿದರು. ಅಷ್ಟೇ ಬಂತು. ನಂಬದೆ ಇನ್ನೊಮ್ಮೆ ಗುಣಿಸಿದರು. ಅಷ್ಟೇ.

ಉಳಿದದ್ದು ಸೊನ್ನೆ.

ಮೊದಲ ವರ್ಷವೇ ಸಂಖ್ಯೆ ಬಾಗಿಲು ತೆರೆದಿತ್ತು. ಮಿಕ್ಕ ಇಪ್ಪತ್ತೆಂಟು ವರ್ಷ ಅವರು ಗೋಡೆ ತಡಕಿದ್ದರು. ಪಿಸಿಲಾ ಬಾಯಿಗೆ ಕೈ ಅಡ್ಡ ಹಿಡಿದಳು.

ಫುಸಿ ಚಾಪೆಯ ಮೇಲೆ ಕುಸಿದಳು. "ಮೂರೇ ಮೂರು ಅಂಕಿ, ಬಿಡೇ ಅಂತ ಅವತ್ತು ಬೇಡ್ಕೊಂಡ್ರಿ. ಪೆನ್ಸಿಲ್ ಕಸ್ಕೊಂಡೋಳು ನಾನೇ ಕಣ್ರೀ."

ಮೇಷ್ಟ್ರು ಆ ಸೊನ್ನೆಯನ್ನೇ ನೋಡಿದರು. ಹೌದು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಮೇಲೆ ಪೆನ್ಸಿಲನ್ನು ಅವಳ ಕೈಗಿಟ್ಟರು.

"ಗುರುತು ಹಾಕಿದೋನು ನಾನು," ಎಂದರು. "ನಾಳೆ ಚರ್ಚಲ್ಲಿ ಅದನ್ನೇ ಹೇಳ್ತೀನಿ. ಪಕ್ಕದಲ್ಲಿ ನಿಂತ್ಕೋ, ಅಷ್ಟೇ."