ಎಣಿಸುವ ಕುರ್ಚಿ

‘ಸೂರ್ಯೋದಯ ಯೋಗ ಬಳಗ’ ಸೇರುತ್ತಿದ್ದದ್ದು ಜಯನಗರದ ಒಂದು ಛತ್ರದ ನೆಲಮಾಳಿಗೆಯಲ್ಲಿ, ಬೆಳಗಿನ ಜಾವ ಐದಕ್ಕೆ. ಆರಕ್ಕೆ ಚಾಪೆ ಸುತ್ತಿಕೊಂಡು ಕಾಫಿಗೆ ಮನೆ ಸೇರುವಾಗಲೂ ಬೀದಿದೀಪಗಳು ಉರಿಯುತ್ತಲೇ ಇರುತ್ತಿದ್ದವು. ಹೀಗೆ ಎಂಟು ವರ್ಷದಿಂದ ಮೂವತ್ತು ಜನ ಸೂರ್ಯನಿಗೆ ನಮಸ್ಕಾರ ಹಾಕುತ್ತ ಬಂದಿದ್ದರು. ಸೂರ್ಯ ಮಾತ್ರ ಅವರನ್ನು ಒಮ್ಮೆಯೂ ಕಂಡಿರಲಿಲ್ಲ.

ರಥಸಪ್ತಮಿಯ ದಿನ ನೂರೆಂಟು ನಮಸ್ಕಾರ ಹಾಕುವುದು ಬಳಗದ ವಾಡಿಕೆ. ಲೆಕ್ಕ ತಪ್ಪದಿರಲೆಂದು ಒಬ್ಬರು ಕುರ್ಚಿಯಲ್ಲಿ ಕೂತು, ಒಂದು ನಮಸ್ಕಾರಕ್ಕೆ ಒಂದರಂತೆ ಹುಣಸೆಬೀಜಗಳನ್ನು ಈ ಬಟ್ಟಲಿನಿಂದ ಆ ಬಟ್ಟಲಿಗೆ ಹಾಕಬೇಕು. ಎರಡು ವರ್ಷದಿಂದ ಆ ಕುರ್ಚಿ ವಿಮಲಾ ಅವರ ಪಾಲಿಗೆ ಬಂದಿತ್ತು. ವಯಸ್ಸು ಐವತ್ತಾರು. ನಲವತ್ತು ನಮಸ್ಕಾರ ದಾಟುವಷ್ಟರಲ್ಲಿ ತೊಡೆ ನಡುಗಿ, ಸೊಂಟದ ಮೂಳೆಯೊಳಗೆ ಯಾರೋ ತಿರುಪು ತಿರುವಿದಂತಾಗುತ್ತಿತ್ತು.

“ನೀವು ಎಣಿಸಿ ಸಾಕು ವಿಮಲಮ್ಮ, ಪುಣ್ಯ ಅಷ್ಟೇ ಬರತ್ತೆ,” ಎಂದಿದ್ದರು ಬಳಗದ ಗುರುಗಳಾದ ರಾಮಪ್ರಸಾದ್ ಮೇಷ್ಟ್ರು, ತಮ್ಮ ಅರವತ್ತೊಂಬತ್ತರ ಬೆನ್ನನ್ನು ನೆಟ್ಟಗೆ ಮಾಡಿಕೊಂಡು.

ಪುಣ್ಯ ಯಾರಿಗೆ ಬೇಕಿತ್ತು? ವಿಮಲಾಗೆ ಆ ಕುರ್ಚಿಯಿಂದ ಏಳಬೇಕಿತ್ತು.

ಎರಡು ಸಾವಿರದ ಏಳರ ದೀಪಾವಳಿ ಮುಗಿದ ವಾರ ಮಗಳು ಧೃತಿ ಅಮ್ಮನನ್ನು ಎಳೆದುಕೊಂಡೇ ಡಾಕ್ಟರ ಹತ್ತಿರ ಹೋದಳು. ರಕ್ತಪರೀಕ್ಷೆಯ ಕಾಗದ ಬಂತು. ಡಾಕ್ಟರಮ್ಮ ಕನ್ನಡಕ ಏರಿಸಿದರು.

“ವಿಟಮಿನ್ ಡಿ ಏಳು ಇದೆ. ಕಡಿಮೆ ಅಂದ್ರೂ ಇಪ್ಪತ್ತರ ಮೇಲಿರಬೇಕು. ಬಿಸಿಲಿಗೇ ಹೋಗಲ್ವಾ ನೀವು?”

“ನಾನಾ? ದಿನಾ ಸೂರ್ಯನಮಸ್ಕಾರ ಮಾಡ್ತೀನಿ ಡಾಕ್ಟ್ರೇ!”

“ಎಷ್ಟೊತ್ತಿಗೆ?”

“ಐದಕ್ಕೆ. ಬೇಸ್‌ಮೆಂಟಲ್ಲಿ.”

ಧೃತಿ ನಗು ಕಾಣದಂತೆ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ನಗಲಿಲ್ಲ, ಕಷ್ಟಪಟ್ಟು.

“ಎಳೆಬಿಸಿಲು ಹಿತವಾಗಿರತ್ತೆ, ಆದ್ರೆ ಈ ಕೆಲಸಕ್ಕೆ ಸಾಲದು. ಕಿಟಕಿ ಗಾಜಿನೊಳಗೆ ಕೂತ್ರೂ ಉಪಯೋಗ ಇಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಆಗಿರೋ ಹೊತ್ತಲ್ಲಿ ಟೆರೇಸಿಗೆ ಹೋಗಿ. ಕೈಕಾಲಿಗೆ ಇಪ್ಪತ್ತು ನಿಮಿಷ ಬಿಸಿಲು ಬೀಳಲಿ, ಚರ್ಮ ಉರಿಯೋಕೆ ಮುಂಚೆ ಒಳಗೆ ಬನ್ನಿ. ಮೀನು, ಮೊಟ್ಟೆ ತಿಂತೀರಾ?”

“ಶಿವ ಶಿವಾ!”

“ಸರಿ ಬಿಡಿ. ಈ ಪುಡಿ ಪೊಟ್ಟಣ ವಾರಕ್ಕೊಂದು, ಎಂಟು ವಾರ. ಊಟ ಆದ್ಮೇಲೆ ಹಾಲಲ್ಲಿ ಹಾಕ್ಕೊಂಡು ಕುಡೀರಿ.”

“ರಥಸಪ್ತಮಿ ಹೊತ್ತಿಗೆ ನೂರೆಂಟು ಮಾಡಬಹುದಾ?”

“ಮೂರು ತಿಂಗಳಿದೆ. ಹತ್ತರಿಂದ ಶುರು ಮಾಡಿ, ನೋಡೋಣ.”

ಆಟೋದಲ್ಲಿ ಬರುವಾಗ ವಿಮಲಾಗೆ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಯಿತು. ಸೂರ್ಯನ ಹೆಂಡತಿ ಸಂಜ್ಞೆ, ಗಂಡನ ಧಗೆ ತಾಳಲಾರದೆ ತನ್ನ ನೆರಳನ್ನೇ ಮನೆಯಲ್ಲಿ ಕೂರಿಸಿ ಹೊರಟುಹೋದಳಂತೆ. ತಾನೂ ಹಾಗೇ ಅಲ್ಲವೇ? ಬಿಸಿಲಿಗೆ ಛತ್ರಿ, ಬೀದಿ ತುಂಬ ಮರದ ನೆರಳು, ಮಿಕ್ಕ ಹೊತ್ತೆಲ್ಲ ಅಡುಗೆಮನೆ.

ಮನೆಗೆ ಬಂದವರೇ ಪೊಟ್ಟಣ ಕೈಗೆತ್ತಿಕೊಂಡರು. “ದಿನಕ್ಕೊಂದು ತಗೊಂಡ್ರೆ ಎಂಟೇ ದಿನಕ್ಕೆ ಮುಗಿಯತ್ತಲ್ಲೇ!”

“ಅಮ್ಮಾ! ಇದೇನು ಕೋಡುಬಳೇನಾ? ಜಾಸ್ತಿ ಆದ್ರೆ ವಿಷ. ಭಾನುವಾರ ಒಂದೇ ಒಂದು.” ಧೃತಿ ಎಲ್ಲವನ್ನೂ ಕಸಿದು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಮರುದಿನ ಹನ್ನೊಂದಕ್ಕೆ ವಿಮಲಾ ತಲೆಗೆ ಟವೆಲ್ ಸುತ್ತಿ ತಾರಸಿ ಹತ್ತಿದರು. ನೆರಳು ಅಳೆಯಲು ಸೀಮೆಸುಣ್ಣದ ಗೆರೆ ಬೇರೆ! ಕೆಲಸದ ಲಕ್ಷ್ಮಮ್ಮ ಬಟ್ಟೆ ಹರವುತ್ತ ನಿಂತುಬಿಟ್ಟಳು. “ಇದೇನಮ್ಮಾ ಇದು, ಸಂಡಿಗೆ ಒಣಗಿಸೋ ಜಾಗದಲ್ಲಿ ನೀವೇ ಒಣಗ್ತಾ ಇದ್ದೀರಾ?”

“ಒಣಗಿ ಗಟ್ಟಿ ಆಗ್ತೀನಿ, ನೋಡ್ತಿರು.”

ಸಂಡಿಗೆಯ ಪಕ್ಕದಲ್ಲೇ ಧೃತಿ ಒಂದು ದಿನ ತಟ್ಟೆಯಲ್ಲಿ ಅಣಬೆ ಹೆಚ್ಚಿ ಹರವಿದ್ದಳು, ಬಿಸಿಲಿಗಿಟ್ಟರೆ ಅದರಲ್ಲೂ ಡಿ ಬರುತ್ತದೆಂದು ಎಲ್ಲೋ ಓದಿಕೊಂಡು. “ನಾಯಿಕೊಡೆ! ನನ್ನ ಸಂಡಿಗೆ ಪಕ್ಕ!” ಎಂದು ವಿಮಲಾ ಕೂಗಿದ್ದು ಮೂರು ಮನೆಗೆ ಕೇಳಿಸಿತು. ಆದರೂ ಆ ರಾತ್ರಿ ಪಲಾವಿನಲ್ಲಿ ಅದು ಸೇರಿತ್ತು. ಅವರು ಕಣ್ಣು ಮುಚ್ಚಿ ತಿಂದರು, ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು.

ಹತ್ತು ನಮಸ್ಕಾರ ಇಪ್ಪತ್ತಾಯಿತು. ಡಿಸೆಂಬರ್ ಕೊನೆಗೆ ಮೂವತ್ತಾರು. ಒಂದು ಬೆಳಿಗ್ಗೆ ಕೈಯೂರದೆ ಹಾಸಿಗೆಯಿಂದ ಎದ್ದಾಗ ಅವರಿಗೇ ನಂಬಿಕೆ ಬರದೆ ಮತ್ತೆ ಮಲಗಿ ಮತ್ತೆ ಎದ್ದರು. ಸಂಕ್ರಾಂತಿಗೆ ಎಳ್ಳುಬೀರಲು ಹೋದವರು ಮೇಷ್ಟ್ರ ಮನೆಯ ಮೆಟ್ಟಿಲನ್ನು ಓಡುತ್ತಲೇ ಹತ್ತಿದರು. ರಕ್ತದಲ್ಲಿ ಡಿ ಇಪ್ಪತ್ತೊಂಬತ್ತಕ್ಕೆ ಬಂದಿದ್ದ ಹೊಸ ಪರೀಕ್ಷೆಯ ಕಾಗದವನ್ನೂ ತೋರಿಸಿದರು.

“ಮೇಷ್ಟ್ರೇ, ಈ ಸಲ ನಾನು ಕುರ್ಚೀಲಿ ಕೂರಲ್ಲ. ಇನ್ನೊಂದು ಮಾತು. ಸೂರ್ಯ ಹುಟ್ಟಿದ್ಮೇಲೆ ಛತ್ರದ ತಾರಸಿ ಮೇಲೆ ಮಾಡೋಣ.”

“ಬ್ರಾಹ್ಮೀ ಮುಹೂರ್ತ ಬಿಟ್ಟು?”

“ಎಂಟು ವರ್ಷ ಯಜಮಾನರು ಮಲಗಿರುವಾಗ್ಲೇ ಹೋಗಿ ಬಾಗಿಲಿಗೆ ಕೈಮುಗಿದು ಬಂದಿದ್ದೀವಿ. ಒಂದು ಸಲ ಎದ್ದ ಮೇಲೆ ಹೋಗೋಣ.”

ಮೇಷ್ಟ್ರ ಹೆಂಡತಿ ಒಳಗಿನಿಂದಲೇ ನಕ್ಕರು. ಮೇಷ್ಟ್ರು ಕೆಮ್ಮಿದರು. ಒಪ್ಪಿದ ಹಾಗೆಯೇ.

ರಥಸಪ್ತಮಿಯ ಬೆಳಿಗ್ಗೆ ಎಕ್ಕದೆಲೆ ಇಟ್ಟುಕೊಂಡು ತಲೆಗೆ ನೀರು ಹೊಯ್ದುಕೊಂಡ ಮೂವತ್ತು ಜನ ತಾರಸಿಯ ಮೇಲೆ ಸಾಲಾಗಿ ನಿಂತರು. ತೆಂಗಿನಮರಗಳ ಹಿಂದಿನಿಂದ ಸೂರ್ಯ ಎದ್ದ, ಕೆಂಪಗೆ, ದುಂಡಗೆ. ಯಾರೋ ‘ಅಬ್ಬಾ’ ಎಂದರು. ಎಣಿಸುವ ಕುರ್ಚಿಯಲ್ಲಿ ಧೃತಿ ಕೂತಿದ್ದಳು.

ಒಂದು. ಹತ್ತು. ಮೂವತ್ತು. ವಿಮಲಾರ ನೆರಳು ಹಿಂದಿನ ಗೋಡೆಯವರೆಗೂ ಚಾಚಿತ್ತು. ನಲವತ್ತು ಬಂತು. ತೊಡೆ ನಡುಗುತ್ತದೆಂದು ಕಾದರು, ನಡುಗಲಿಲ್ಲ! ನಲವತ್ತೊಂದು ಎಂದು ಧೃತಿ ಕೂಗಿದಾಗ ಎದೆ ಡವಡವ ಹೊಡೆದುಕೊಂಡಿತು, ಸುಸ್ತಿಗಲ್ಲ. ಅರವತ್ತಕ್ಕೆ ಐದಾರು ಜನ ಕೂತುಬಿಟ್ಟರು. ಎಪ್ಪತ್ತೆರಡಕ್ಕೆ ಎಡ ಮೀನಖಂಡ ಹಿಡಿಯಿತು. ವಿಮಲಾ ಕಾಲು ಒದರಿ, ಉಸಿರೆಳೆದು ಮತ್ತೆ ಬಾಗಿದರು.

ಎಂಬತ್ತಮೂರು ಎಂದಾಗ ಮುಂದಿನ ಸಾಲಿನಲ್ಲಿ ಏನೋ ಸದ್ದು. ಮೇಷ್ಟ್ರು ಮಂಡಿಯೂರಿದವರು ಏಳಲೇ ಇಲ್ಲ. ಸೊಂಟ ಹಿಡಿದುಕೊಂಡಿದ್ದರು. ಧೃತಿ ಓಡಿಹೋಗಿ ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದಳು, ನೀರು ಕೊಟ್ಟಳು. ಬಟ್ಟಲುಗಳನ್ನು ಅವರ ತೊಡೆಯ ಮೇಲಿಟ್ಟಳು. ಮೇಷ್ಟ್ರು ಒಂದು ಗಳಿಗೆ ಹುಣಸೆಬೀಜಗಳನ್ನೇ ನೋಡಿದರು. ಆಮೇಲೆ ಒಂದು ಬೀಜ ಎತ್ತಿ ಆ ಬಟ್ಟಲಿಗೆ ಹಾಕಿದರು.

“ಎಂಬತ್ತನಾಲ್ಕು! ಸೊಂಟ ಇನ್ನೂ ಮೇಲೆ, ವಿಮಲಮ್ಮ!”

ತೊಂಬತ್ತು. ನೂರು. ಈಗ ಇನ್ನೂ ಬಾಗಿ ಏಳುತ್ತಿದ್ದವರು ಹನ್ನೊಂದೇ ಜನ. ಗೋಡೆ ಹತ್ತಿದ್ದ ನೆರಳು ಇಳಿದು ಹತ್ತಿರ ಬಂದಿತ್ತು, ಹೊರಟುಹೋದ ಒಡತಿ ಕೊನೆಗೂ ಮನೆಗೆ ಬಂದಳೆಂದು ಎದುರುಗೊಳ್ಳುವ ಹಾಗೆ.

“ನೂರಾ ಏಳು... ನೂರಾ ಎಂಟು!”

ಮೇಷ್ಟ್ರ ದನಿ ಛತ್ರಕ್ಕೆಲ್ಲ ಕೇಳಿಸಿತು. ಧೃತಿ ಶಿಳ್ಳೆ ಹೊಡೆದಳು. ವಿಮಲಾ ಬೆವರು ಒರೆಸಿಕೊಳ್ಳುತ್ತ ನಿಂತೇ ಇದ್ದರು. ಕೂರಬೇಕೆನ್ನಿಸಲೇ ಇಲ್ಲ.

ಮೇಷ್ಟ್ರು ಕೈಸನ್ನೆ ಮಾಡಿ ಹತ್ತಿರ ಕರೆದರು. ಸುತ್ತ ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಚಿತವಾದ ಮೇಲೆ ಮೆಲ್ಲಗೆ ಅಂದರು:

“ಆ ರಕ್ತಪರೀಕ್ಷೆಗೆ ಖಾಲಿ ಹೊಟ್ಟೇಲಿ ಹೋಗಬೇಕೋ, ಕಾಫಿ ಕುಡಿಬಹುದೋ?”